ಕಾತ್ಯಾಯಿನಿ ಮೇಡಂ ಮತ್ತು ಹನ್ನೊಂದು ಗಂಟೆಯ ನೀರು

ಕಾತ್ಯಾಯಿನಿ ಮೇಡಂ ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಭದ್ರಾವತಿಯ ನ್ಯೂ ಟೌನ್‌ನಿಂದ ಶಿವಮೊಗ್ಗದ ನಮ್ಮ ಕಾಲೇಜಿಗೆ ಪ್ರಾಣಿಶಾಸ್ತ್ರ ಪಾಠ ಮಾಡಲು ಬರುತ್ತಿದ್ದ ಅವರು, ವಾರಕ್ಕೆರಡು ಸಲ ಊರಂಚಿನ ಕೆರೆಯ ಬಳಿ ಇಳಿದು, ನೀರೊಳಗಿನ ಗಿಡಗಳನ್ನು ಕಿತ್ತು ಬಕೆಟ್ಟಿಗೆ ತುಂಬಿಕೊಂಡು ಮುಂದಿನ ಬಸ್ಸು ಹತ್ತುತ್ತಿದ್ದರು. ಕೆಸರಿನ ವಾಸನೆ ಡ್ರೈವರನ ತನಕ ಹೋಗುತ್ತಿತ್ತು.

"ಈ ಹುಲ್ಲು ಯಾವ ದನಕ್ಕೆ ಮೇಡಂ?" ಎಂದು ಕಂಡಕ್ಟರ್ ಒಮ್ಮೆ ಕೇಳಿದ.

"ನಿನ್ನಂಥ ದನಕ್ಕಂತೂ ಅಲ್ಲ ಮಾರಾಯ, ಟಿಕೆಟ್ ಕೊಡು."

ಬೈಯುವುದರಲ್ಲಿ ಅವರು ಭೇದ ಮಾಡುತ್ತಿರಲಿಲ್ಲ. ಪ್ರಿನ್ಸಿಪಾಲರಿಗೂ ಅಷ್ಟೇ, ಅಟೆಂಡರಿಗೂ ಅಷ್ಟೇ. ಬೈದು ಮುಗಿದ ಮೇಲೆ ಡಬ್ಬಿ ತೆಗೆದು, "ತಿನ್ನು, ಬೈಸ್ಕೊಂಡು ಹಸಿವಾಗಿರತ್ತೆ" ಎಂದು ಉಪ್ಪಿಟ್ಟು ಕೊಡುತ್ತಿದ್ದರು.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಆ ಉಪ್ಪಿಟ್ಟು ನನಗೂ ಸಿಕ್ಕಿತು. ಕೆರೆಯಲ್ಲಿ ಎಷ್ಟು ಸಣ್ಣ ಜೀವಿಗಳಿವೆ ಎಂದು ನೋಡುವ ಕೆಲಸ ನನ್ನದಾಗಿತ್ತು. ಮೂರು ದಿನ ಬೆಳಗ್ಗೆ ಹನ್ನೊಂದಕ್ಕೆ ಹೋಗಿ, ಮೀನು ಹಿಡಿಯುವವರ ತೆಪ್ಪದಲ್ಲಿ ನಡುನೀರಿಗೆ ಸಾಗಿ ಬಲೆ ಎಳೆದೆ. ಏನೂ ಸಿಗಲಿಲ್ಲ. ಹಾಗೆಯೇ ಬರೆದುಕೊಂಡು ಹೋದೆ. ಮೇಡಂ ರೆಕಾರ್ಡನ್ನು ಮೇಜಿನ ಮೇಲೆ ಕುಕ್ಕಿದರು.

"ಹನ್ನೊಂದು ಗಂಟೆಗೆ ನಿಮ್ಮನೆ ಅಂಗಳ ನೋಡಿ, ಈ ಮನೇಲಿ ಜನಾನೇ ಇಲ್ಲ ಅಂತ ಬರ್ಕೊಂಡು ಹೋದ್ರೆ ಹೆಂಗಿರತ್ತೋ ರುದ್ರೇಶ? ಬಾಗಿಲು ತೆಗೆದು ಒಳಗೆ ನೋಡೋದಲ್ವಾ?"

ಬಕೆಟ್ಟಿನಿಂದ ಒಂದು ಹಿಡಿ ಗಿಡ ತೆಗೆದು ಬಿಳಿ ಬೇಸಿನ್ನಿನ ನೀರಿನಲ್ಲಿ ಜಾಡಿಸಿದರು. ನೀರೆಲ್ಲ ಚುಕ್ಕೆ ಚುಕ್ಕೆ. ಆ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನೀರಿನ ಚಿಗಟ, ಸಾಸಿವೆಗಿಂತ ಸಣ್ಣವು.

"ಹಗಲು ಹೊರಗೆ ಬಂದ್ರೆ ಮೀನು ನುಂಗಿ ನೀರು ಕುಡಿಯತ್ತೆ. ಅದಕ್ಕೇ ಗಿಡದೊಳಗೆ ಅಡಗಿರ್ತಾವೆ. ಸಾಯಂಕಾಲ ಆಯ್ತು ಅಂದ್ರೆ ನಡುನೀರಿಗೆ ಹೊರಡ್ತಾವೆ, ಪಾಚಿ ಮೇಯೋಕೆ. ಕೆರೆ ತಿಳಿಯಾಗಿದೆ ಅಂದ್ರೆ ಇವು ಮೇಯ್ತಿದಾವೆ ಅಂತ ಕಣೋ. ಗಿಡ ಹೋಯ್ತೋ, ಇವೂ ಹೋದ್ವು."

ಅಂದು ಸಂಜೆ ಆರಕ್ಕೆ ಅದೇ ತೆಪ್ಪದಲ್ಲಿ ಅದೇ ಜಾಗಕ್ಕೆ ನನ್ನನ್ನು ಕಳಿಸಿದರು. ಬಲೆ ತುಂಬಿ ಬಂತು. ದಡದಲ್ಲಿ ಸೀರೆ ಎತ್ತಿಕಟ್ಟಿ ನಿಂತಿದ್ದ ಮೇಡಂ, ಹಬ್ಬಕ್ಕೆ ನೆಂಟರು ಬಂದಷ್ಟು ಖುಷಿಯಾಗಿದ್ದರು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದಕ್ಕೇ ಈಗಲೂ ಮೈ ಉರಿಯುತ್ತದೆ.

ಕೆಲವು ವರ್ಷಗಳ ನಂತರ ನಾನು ಅದೇ ವಿಭಾಗದಲ್ಲಿ ಪಾರ್ಟ್‌ಟೈಮ್ ಲೆಕ್ಚರರ್ ಆಗಿದ್ದೆ. ಕೆರೆಯನ್ನು ಚಂದ ಮಾಡುತ್ತೇವೆಂದು ಊರಿನ ದೊಡ್ಡವರು ಒಂದು ಸಮಿತಿ ಮಾಡಿಕೊಂಡರು. ದೋಣಿವಿಹಾರ ಬೇಕು, ಹುಟ್ಟಿಗೆ ಗಿಡ ಸುತ್ತಿಕೊಳ್ಳುತ್ತದೆ, ಆದ್ದರಿಂದ ಗಿಡವನ್ನೆಲ್ಲ ಕೀಳಬೇಕು. ಕಿತ್ತರೆ ತೊಂದರೆಯಿಲ್ಲ ಎಂದು ಪ್ರಾಣಿಶಾಸ್ತ್ರದವರ ಒಂದು ಕಾಗದ ಬೇಕಿತ್ತು. ಸಮಿತಿಯ ಇಂಜಿನಿಯರ್ ಮೊದಲು ಮೇಡಂ ಹತ್ತಿರ ಬಂದರು.

"ಬೋಟಿಗೆ ಒಂದು ದಾರಿ ಬಿಡಿಸ್ಕೊಳ್ಳಿ. ಉಳಿದಿದ್ದು ಮುಟ್ಟಿದ್ರೆ ಕೆರೆ ಕೊಳೆಯತ್ತೆ. ನಾನು ಬರ್ಕೊಡಲ್ಲ, ಎದ್ದೇಳಿ" ಎಂದರು ಮೇಡಂ.

ಇಂಜಿನಿಯರ್ ಎದ್ದು ನನ್ನ ಹತ್ತಿರ ಬಂದರು. ನನ್ನ ಕೆಲಸ ಖಾಯಂ ಮಾಡಬೇಕಾದ ಆಡಳಿತ ಮಂಡಳಿಯವರೇ ಆ ಸಮಿತಿಯಲ್ಲೂ ಇದ್ದರು. ನಾನು ಬೆಳಗ್ಗೆ ಹನ್ನೊಂದಕ್ಕೆ ಕೆರೆಗೆ ಹೋದೆ. ನಡುನೀರಿನಲ್ಲಿ ಬಲೆ ಎಳೆದೆ. 'ನೀರಿನಲ್ಲಿ ಗಮನಾರ್ಹ ಜೀವಿಗಳು ಕಂಡುಬಂದಿಲ್ಲ, ಗಿಡ ತೆಗೆಯುವುದರಿಂದ ಹಾನಿಯಿಲ್ಲ' ಎಂದು ಬರೆದು ಸಹಿ ಹಾಕಿದೆ. ಕಂಡುಬಂದಿಲ್ಲ ಎಂಬುದು ನಿಜವೇ ಆಗಿತ್ತು. ಇಂಥ ನಿಜ ಬರೆಯುವವನ ಕೈ ಕತ್ತರಿಸಬೇಕು.

ವಾರದೊಳಗೆ ಗಿಡಗಳೆಲ್ಲ ಕೆರೆ ಏರಿಯ ಮೇಲೆ ರಾಶಿ ಬಿದ್ದು ಒಣಗಿದವು. ರಿಬ್ಬನ್ ಕಟ್ಟಿದ ದೋಣಿ ಬಂತು, ಭಾಷಣವಾಯಿತು. ಮುಂದಿನ ಬೇಸಿಗೆಗೆ ನೀರು ಬಣ್ಣ ಕಲಸಿದ ಹಾಗೆ ಹಸಿರಾಗಿ ನಾರತೊಡಗಿತು. ಒಂದು ಬೆಳಗ್ಗೆ ದಡದ ಉದ್ದಕ್ಕೂ ಮೀನು ಸತ್ತು ತೇಲಿದವು. ದೋಣಿಗೆ ಬರುವ ಜನ ಮೂಗು ಮುಚ್ಚಿಕೊಂಡು ವಾಪಸಾದರು. ಸಮಿತಿಯವರು ಬಿಸಿಲಿನ ಮೇಲೆ ತಪ್ಪು ಹಾಕಿದರು.

ಆಗ ಮೇಡಂ ವಿನೋಬನಗರದ ನನ್ನ ಮನೆಗೆ ಬಂದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಬೈಯಲಿಲ್ಲ.

"ಮೂಡಲ ಮೂಲೇಲಿ ಒಂದಿಷ್ಟು ಗಿಡ ಉಳಿದಿದೆ ರುದ್ರೇಶ. ಅದನ್ನ ಬಿಟ್ರೆ ಮತ್ತೆ ಹಬ್ಬತ್ತೆ, ಕೆರೆ ಸುಧಾರಿಸ್ಕೊಳ್ಳತ್ತೆ. ಹನ್ನೊಂದು ಗಂಟೆಗೆ ನಡುನೀರು ಮಾತ್ರ ನೋಡಿದ್ದೆ ಅಂತ ಇನ್ನೊಂದು ಕಾಗದ ಬರಿ. ಅಷ್ಟು ಸಾಕು."

"ಖಾಯಂ ಆಗ್ಲಿ ಮೇಡಂ. ಆಮೇಲೆ ಖಂಡಿತ ಬರೀತೀನಿ."

ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ನನ್ನ ಹೆಂಡತಿಗೆ ಮಾತ್ರ "ಬರ್ತೀನಮ್ಮ" ಎಂದು ಹೇಳಿ ಹೊರಟರು.

ನಾನು ಖಾಯಂ ಆಗುವಷ್ಟರಲ್ಲಿ ಆ ಮೂಲೆಯನ್ನೂ ಕಿತ್ತು ಹಾಕಿದ್ದರು. ಮೇಡಂ ನಿವೃತ್ತರಾದರು. ಕೆಲಸವಿದ್ದು ಭದ್ರಾವತಿಗೆ ಹೋದರೂ ನ್ಯೂ ಟೌನ್ ಕಡೆ ನಾನು ತಲೆ ಹಾಕಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಕಾಲೇಜಿನ ಸಂತಾಪ ಸಭೆಯಲ್ಲಿ ಅಚ್ಚುಮೆಚ್ಚಿನ ಶಿಷ್ಯನೆಂದು ನನ್ನನ್ನು ಮಾತಿಗೆ ಕರೆದರು. ನಡೆದದ್ದನ್ನೆಲ್ಲ ಹೇಳಿದೆ. ಕಾಗದ, ಹನ್ನೊಂದು ಗಂಟೆ, ಮೂಡಲ ಮೂಲೆ, ಒಂದನ್ನೂ ಬಿಡಲಿಲ್ಲ. ಯಾರಿಗೂ ಸಿಟ್ಟು ಬರಲಿಲ್ಲ. "ಮನಸ್ಸಿಗೆ ತಟ್ಟೋ ಹಾಗೆ ಮಾತಾಡಿದ್ರಿ ಸರ್" ಎಂದು ಕೈ ಕುಲುಕಿದರು.

ಕಾಫಿ ಹೊತ್ತಿಗೆ ಆ ಇಂಜಿನಿಯರ್ ಹತ್ತಿರ ಬಂದರು. "ತುಂಬಾ ದೊಡ್ಡ ಮನುಷ್ಯರು ಸರ್, ನಿಮ್ಮ ಮೇಡಂ. ಹಾಂ, ಗಾಜನೂರು ಕಡೆ ಇನ್ನೊಂದು ಸಣ್ಣ ಕೆರೆ ಇದೆ. ನಿಮ್ಮದೊಂದು ರಿಪೋರ್ಟ್ ಬೇಕಿತ್ತಲ್ಲ."

ನಾನು ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು, ಪ್ರಿನ್ಸಿಪಾಲರು ಓಡಿಬಂದು ರಟ್ಟೆ ಹಿಡಿದರು. ಆ ಬೈಗುಳದ ಅರ್ಧದಷ್ಟನ್ನಾದರೂ, ಮೇಡಂ ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ದಿನವೇ ಈ ಇಂಜಿನಿಯರನ ಹತ್ತಿರ ಹೋಗಿ ಬೈದಿದ್ದರೆ, ಆ ಮೂಡಲ ಮೂಲೆಯಾದರೂ ಉಳಿಯುತ್ತಿತ್ತು.