ಮೌನಪ್ಪ ಮತ್ತು ನಾಲ್ಕನೇ ಹಾಡು

ದೇವದುರ್ಗದ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಅಟೆಂಡರನಾಗಿ ದುಡಿದು ನಿವೃತ್ತನಾದ ಮೌನಪ್ಪನಿಗೆ ಅರವತ್ತೊಂದನೇ ವಯಸ್ಸಿನಲ್ಲಿ ರಾಕ್ ಸಂಗೀತದ ಹುಚ್ಚು ಹಿಡಿಯಿತು. ‘ಹತ್ತಿಕಾಳು’ ಎಂಬ ತಂಡದ ಮೊದಲ ಆಲ್ಬಂ ‘ಬಿಸಿಲಿಗೆ ಬಾಗಿಲಿಲ್ಲ’ ಮೊಬೈಲಿಗೆ ಬಂದ ದಿನದಿಂದ ಅವನು ಹಲ್ಲುಜ್ಜುವುದೂ ಅದರ ಜೊತೆ, ರೊಟ್ಟಿ ಮುರಿಯುವುದೂ ಅದರ ಜೊತೆ. ಎಂಟು ಹಾಡು. ಗಿಟಾರು ಎಲ್ಲಿ ಏಳುತ್ತದೆ, ಹಾಡುವ ನಾಗವೇಣಿ ಎಲ್ಲಿ ಉಸಿರು ಎಳೆದುಕೊಳ್ಳುತ್ತಾಳೆ, ಎಲ್ಲವೂ ಬಾಯಿಪಾಠ. ಯಾವ ಕಂಪನಿಯ ಹಂಗೂ ಇಲ್ಲದೆ ರಾಯಚೂರು, ಮಾನ್ವಿ ಕಡೆಯ ನಾಲ್ವರು ಹುಡುಗ ಹುಡುಗಿಯರು ಮುಚ್ಚಿದ ಹತ್ತಿ ಗೋದಾಮಿನಲ್ಲಿ ಕೂತು ತಾವೇ ರೆಕಾರ್ಡ್ ಮಾಡಿದ್ದು. ಎರಡನೇ ಹಾಡಿನ ಹಿಂದೆ ಗುಬ್ಬಿಯೊಂದರ ದನಿ ಹಾಗೇ ಉಳಿದಿದೆ. ಅದನ್ನು ಅಳಿಸದೆ ಬಿಟ್ಟದ್ದಕ್ಕೇ ಮೌನಪ್ಪ ಅವರಿಗೆ ನೂರಕ್ಕೆ ನೂರು ಕೊಟ್ಟಿದ್ದ.

“ಸಂತ್ಯಾಗ ಹೆಣ್ಮಕ್ಕಳು ಕೇಳಾಕತ್ತಾರ, ನಿಮ್ಮನ್ಯಾಗ ಹಿಟ್ಟಿನ ಗಿರಣಿ ಹಾಕೀರೇನು ಅಂತ” ಎಂದು ಹೆಂಡತಿ ಪಾರ್ವತೆಮ್ಮ ಮೂತಿ ತಿರುವುತ್ತಿದ್ದಳು.

“ಗಿರಣಿ ಅಲ್ಲ, ಅದು ಬೇಸ್ ಗಿಟಾರ. ತಾ ತೆಳಗ ಇದ್ದು ಎಲ್ಲಾರನ್ನೂ ಹೊತ್ಕೊಂಡಿರ್ತದ, ನಿನ್ಹಂಗ.”

“ಹೊಗಳಬ್ಯಾಡ್ರಿ, ಸೌಂಡ್ ಸಣ್ಣಗ ಮಾಡ್ರಿ.”

ಆದರೆ ನಾಲ್ಕನೇ ಹಾಡು ಬಂದಾಗ ಮೌನಪ್ಪ ಚೇಷ್ಟೆ ಮಾಡುತ್ತಿರಲಿಲ್ಲ. ಅದು ಬರೀ ಹಲಗಿಯಿಂದ ಶುರುವಾಗುತ್ತದೆ. ಮಲ್ಲಟದ ರಾಧಾ ಎಂಬ ಹುಡುಗಿ ಒಂದು ನಿಮಿಷ ಒಬ್ಬಳೇ ಬಾರಿಸುತ್ತಾಳೆ. ಗಿಟಾರು, ಡ್ರಮ್ಮು, ಎಲ್ಲ ಅವಳಿಗಾಗಿ ಕಾಯುತ್ತವೆ.

ಮೌನಪ್ಪನ ಅಪ್ಪನೂ ಹಲಗಿ ಬಾರಿಸಿದವನೇ. ಊರಿನ ಸಾವಿಗೂ ಮದುವೆಗೂ, ದೊಡ್ಡವರು ಬಂದಿಳಿದಾಗಲೂ ಅವನ ಹಲಗಿ ಮುಂದೆ. ಬಾಗಿಲು ಬಂದೊಡನೆ ಅವನು ಹೊರಗೆ. ಊಟವೂ ಹೊರಗೆ, ಒಡ್ಡಿದ ಟವೆಲಿನೊಳಗೆ. ಚರ್ಮ ಬಿಗಿಯಾಗಲು ಹಲಗಿಯನ್ನು ಬೆಂಕಿಗೆ ಹಿಡಿಯಬೇಕು. ಅದಕ್ಕೆ ಬೇಕಾದ ಹುಲ್ಲಿನ ಸಿವುಡು ಹೊತ್ತು ಹಿಂದೆ ಹೋಗುತ್ತಿದ್ದವನು ಹತ್ತು ವರ್ಷದ ಮೌನಪ್ಪ. ಒಂದು ದಿನ ಅಪ್ಪ ಹಲಗಿಯನ್ನು ಗೂಟಕ್ಕೆ ನೇತುಹಾಕಿ, “ಇದು ನನ್ನ ಕೈಲೇ ಮುಗೀಲಿ” ಎಂದ. ಅಂದಿನಿಂದ ಮೌನಪ್ಪ ಹಲಗಿ ಮುಟ್ಟಿರಲಿಲ್ಲ. ಎಲ್ಲಾದರೂ ಸದ್ದು ಕೇಳಿದರೆ ಬೇರೆ ಓಣಿ ಹಿಡಿಯುತ್ತಿದ್ದ. ಐವತ್ತು ವರ್ಷ ಹೀಗೆ ತಪ್ಪಿಸಿಕೊಂಡು ತಿರುಗಿದವನಿಗೆ ಆ ಹುಡುಗಿ ಹಲಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿಸಿದ್ದಳು.

ಅವನು ತಂಡಕ್ಕೆ ನಾಲ್ಕು ಪುಟದ ಕಾಗದ ಬರೆದ. ರಾಧಾ ಫೋನು ಮಾಡಿ, “ರಾಯಚೂರಾಗ ಒಂದು ಸಂಘದವರು ನಮ್ಮ ಆಲ್ಬಮ್ಮಿಗೆ ಬಿಡುಗಡೆ ಸಮಾರಂಭ ಇಟ್ಕೊಂಡಾರ ಕಾಕಾ, ನೀವು ಬರಲೇಬೇಕು” ಎಂದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೌನಪ್ಪ ಮಧ್ಯಾಹ್ನದ ಬಸ್ಸು ಹತ್ತಿದ.

ಸಭಾಂಗಣದ ಬಾಗಿಲಲ್ಲಿ ಆಮಂತ್ರಣ ಪತ್ರಿಕೆ ಕೈಗೆ ಬಂತು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ ಎಂದು ಹತ್ತೊಂಬತ್ತು ಹೆಸರು. ಎಲ್ಲಕ್ಕಿಂತ ಕೆಳಗೆ, ಇರುವೆಯಂಥ ಅಕ್ಷರದಲ್ಲಿ: ‘ನಂತರ ಮನರಂಜನೆ’. ಹಾಡಿದವರ ಒಂದು ಹೆಸರೂ ಇಲ್ಲ! ಯಾರ ಆಲ್ಬಂ ಇದು, ಇವರಪ್ಪಂದಾ? ಮೌನಪ್ಪ ಹಲ್ಲು ಕಡಿಯುತ್ತ ಹಿಂದಿನ ಅಂಗಳಕ್ಕೆ ಹೋದ.

ರಾಧಾ ಹಲಗಿ ಹಿಡಿದು ಪೆಚ್ಚಾಗಿ ನಿಂತಿದ್ದಳು. ಅವನು ಹೆಸರು ಹೇಳಿದೊಡನೆ, “ಕಾಗದದ ಕಾಕಾ!” ಎಂದಳು. ಒಳಗಿನ ಕೂಲರಿನ ಹಸಿ ಗಾಳಿಗೆ ಹಲಗಿಯ ಚರ್ಮ ಸಡಿಲಾಗಿತ್ತು. ಕಾಸಲು ಒಂದು ಹಿಡಿ ಹುಲ್ಲು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಕಾರ್ಯಕ್ರಮದ ಉಸ್ತುವಾರಿ ಹೊತ್ತ ಸಿದ್ರಾಮ ಓಡಿ ಬಂದ.

“ತಂಗಿ, ಉದ್ಘಾಟನಿ ಮಾಡೋ ಸಾಹೇಬರ ಕಾರು ಬರಾಕತ್ತದ, ಗೇಟಿಗೆ ನಡಿ. ಬಾರಿಸ್ಕೊಂತ ಅವರನ್ನ ಸ್ಟೇಜಿನ ತನಕ ಕರಕೊಂಡು ಬಾ. ಆಮ್ಯಾಲ ತೆಳಗ ಬಾಜೂಕ ನಿಂತ್ಕೋ.”

“ಸರ್, ನಾನು ಬ್ಯಾಂಡಿನಾಕಿ.”

“ಗೊತ್ತದವಾ. ಬ್ಯಾಂಡ್ ಆಮ್ಯಾಲ. ಹಲಗಿ ಇಲ್ಲೇ ಇದ್ದಮ್ಯಾಲ ಸ್ವಾಗತಕ್ಕ ಬ್ಯಾರೇದವರನ್ನ ಯಾಕ ಹುಡುಕೋದು?”

ಅವನು ಅದನ್ನು ಕೇಡಿನಿಂದ ಹೇಳಲಿಲ್ಲ. ನೀರು ಕೊಡು ಎಂದಷ್ಟು ಸಲೀಸಾಗಿ ಹೇಳಿದ. ಆ ಸಲೀಸೇ ಮೌನಪ್ಪನ ಮೈಗೆ ಬೆಂಕಿ ಇಟ್ಟಿತು.

“ಗಿಟಾರಿನ ಹುಡುಗನ್ನ ಯಾಕ ಕರೀಲಿಲ್ರಿ ಗೇಟಿಗೆ?”

ಸಿದ್ರಾಮ ನಕ್ಕ. “ಗಿಟಾರ ಬಾರಿಸಿ ಯಾರರ ಸ್ವಾಗತ ಮಾಡ್ತಾರೇನ್ರಿ ಯಜಮಾನ್ರ? ಹಲಗಿದು ಪದ್ಧತಿ ಅದ.”

“ಆ ಪದ್ಧತಿಯೊಳಗ ನಮ್ಮಪ್ಪ ನಲವತ್ತು ವರ್ಷ ನಡದಾನ! ಒಬ್ಬರ ಮನಿ ಹೊಸ್ತಿಲ ದಾಟಿಲ್ಲ. ಈಕಿ ಹಾಡು ಕಟ್ಟಿ ಬಂದಾಳ, ನಿಮ್ಮ ಸಾಹೇಬರಿಗೆ ದಾರಿ ತೋರ್ಸಾಕ ಅಲ್ಲ!”

ಸಿದ್ರಾಮನ ನಗು ಇಳಿಯಿತು. “ಸ್ವಾಗತ ಇಲ್ಲಂದ್ರ ಹಲಗಿ ಹಾಡೂ ಇಲ್ಲ. ಟೈಮ್ ಇಲ್ಲ ಅಂತ ತಗಸ್ತೀನಿ.”

ರಾಧಾಳ ಮುಖ ಬಾಡಿತು. “ಕಾಕಾ, ಎರಡು ನಿಮಿಷ ಬಾರಿಸಿ ಬಂದುಬಿಡ್ಲೇನು? ಇಲ್ಲಂದ್ರ ಹಾಡೇ ಹೋಗ್ತದ.”

“ನಾ ತಡಿಯಂಗಿಲ್ಲ ಯವ್ವಾ. ಹಾಡು ನಿಂದು” ಎಂದ ಮೌನಪ್ಪ. “ಆದ್ರ ನಿನ್ನ ಹಾಡಿನ್ಯಾಗ ಎಲ್ಲಾರೂ ನಿನಗ ಕಾಯ್ತಾರ. ಅದನ್ನ ಕೇಳಾಕ ಬಂದೀನಿ ನಾನು.”

ರಾಧಾ ಹಲಗಿಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಕೂಗಿದಳು: “ನಾಗವೇಣಿ, ನಾಲ್ಕನೇ ಹಾಡು ತಗಸ್ತಾರಂತ!”

ನಾಗವೇಣಿ ಬಾಗಿಲಿಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡಳು. “ಎಂಟೂ ಹಾಡ್ತೀವಿ ಸರ್, ಇಲ್ಲಂದ್ರ ಒಂದೂ ಇಲ್ಲ. ನಿಮ್ಮ ಹತ್ತೊಂಬತ್ತು ಮಂದಿ ಹೆಂಗೂ ಅದಾರಲ್ಲ, ಅವರ ಕಡಿಂದ ಹಾಡಸ್ರಿ” ಎಂದು ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

ಗೇಟಿನಲ್ಲಿ ಹಾರ್ನ್ ಕೇಳಿಸಿತು. ಸಿದ್ರಾಮ ಗೊಣಗುತ್ತ ಓಡಿದ. ಹಲಗಿ ಇಲ್ಲದೆಯೇ ಸಾಹೇಬರು ಒಳಗೆ ಬಂದರು. ಕುರ್ಚಿಗೆ ಹೋಗುವ ದಾರಿ ಅವರಿಗೆ ತಪ್ಪಲಿಲ್ಲ.

ಭಾಷಣಗಳು ಕೊನೆಗೆ ಬಂದವು. ಇನ್ನು ಹಲಗಿ ಕಾಸಬೇಕಿತ್ತು. ಮೂಲೆಯಲ್ಲಿ ಮಿಕ್ಕಿದ ಆಮಂತ್ರಣ ಪತ್ರಿಕೆಗಳ ಕಟ್ಟು ಬಿದ್ದಿತ್ತು. ಮೌನಪ್ಪ ಅದನ್ನು ಬಿಚ್ಚಿ ಅಂಗಳದಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದ. ನುಣುಪು ಕಾಗದ, ಮೊದಲು ಬರೀ ಹೊಗೆ. ಅಧ್ಯಕ್ಷರು, ಉದ್ಘಾಟಕರು ಒಬ್ಬೊಬ್ಬರಾಗಿ ಸುರುಟಿಕೊಂಡ ಮೇಲೆ ಉರಿ ಎದ್ದಿತು. “ಕೊಡಿಲ್ಲಿ” ಎಂದು ಅವನು ಕೈಚಾಚಿದ. ಐವತ್ತು ವರ್ಷದ ಮೇಲೆ ಹಲಗಿ ಕೈಗೆ ಬಂತು. ಉರಿಯ ಮೇಲೆ ತಿರುಗಿಸಿದ, ಅಂಗೈಯಿಂದ ಸವರಿದ, ಬೆರಳಿನಿಂದ ತಟ್ಟಿದ. ಮಂಕು ದನಿ. ಮತ್ತೆ ಹಿಡಿದ. ಈ ಸಲ ಹಲಗಿ ಖಣ್ಣೆಂದಿತು.

“ಹಿಡಿಯವ್ವಾ. ಮೆಟ್ಟಿಲ ಹತ್ತು.”

ಬ್ಯಾಂಡನ್ನೇ ಕಳೆದುಕೊಳ್ಳಲಾಗದೆ ಸಿದ್ರಾಮ ಎಂಟೂ ಹಾಡಿಗೆ ಒಪ್ಪಿದ. ಮೌನಪ್ಪ ಮುಂದಿನ ಸಾಲಿಗೇ ಹೋಗಿ, ‘ಗಣ್ಯರಿಗೆ’ ಎಂದು ಚೀಟಿ ಅಂಟಿಸಿದ್ದ ಸೋಫಾದ ಮೇಲೆ ಕೂತ. ಮೂರನೇ ಹಾಡು ಮುಗಿಯುತ್ತಿದ್ದಂತೆ ಸಿದ್ರಾಮ ಬಗ್ಗಿ ಕಿವಿಯಲ್ಲಿ, “ಯಜಮಾನ್ರ, ಇದು ಗಣ್ಯರಿಗೆ ಇಟ್ಟಿದ್ದು” ಎಂದ.

“ಓದಾಕ ಬರ್ತದ ನನಗ. ಅತ್ಲಾಗ ಸರೀರಿ, ನಾಲ್ಕನೇದು ಶುರು ಆತು.”