ಹಗೇವಿನ ಹಗ್ಗ

ಕಳೆದ ತಿಂಗಳು ನಮ್ಮ ಓಣಿಯಲ್ಲಿ ನೀರಿನ ಪೈಪು ಹಾಕಲು ಅಗೆಯುವ ಮಶೀನು ಬಂದಿತ್ತು. ನಾಲ್ಕು ಮನೆ ಆಚೆ ನೆಲ ಒಮ್ಮೆಲೇ ಕುಸಿದು ಹಳೆಯ ಹಗೇವೊಂದು ಬಾಯಿ ತೆರೆಯಿತು. ಹಗೇವು ಎಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ ಅದು. ಗಡಿಗೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಯಾರದೋ ಅಜ್ಜನ ಕಾಲದ್ದು, ಒಳಗೆ ಕೊಳೆತ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ. ಆದರೆ ವಾಸನೆ ಇತ್ತು. ಹುಳಿ ಬಂದ ಹಿಟ್ಟಿನಂಥ ಬೆಚ್ಚನೆಯ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು.

ಆ ವಾಸನೆಗೆ ನನಗೆ ಮೊದಲು ನನ್ನ ಗಂಡನ ನೆನಪು ಬರಬೇಕಿತ್ತು. ಬಂದದ್ದು ಇಂಗ್ಲಿಷ್ ಮಾಸ್ತರರ ನೆನಪು.

ಮಾಸ್ತರರು ಬೈಲಹೊಂಗಲದ ಪೇಟೆಯವರು. ನಮ್ಮೂರು ಕಟಕೋಳದ ಹೈಸ್ಕೂಲಿಗೆ ವರ್ಗವಾಗಿ ಬಂದು, ನಮ್ಮ ಮನೆಯ ಮಗ್ಗುಲಿನ ಎರಡು ಖೋಲಿಯಲ್ಲಿ ಬಾಡಿಗೆಗೆ ಇದ್ದರು. ನಾನು ಆಗ ಈ ಮನೆಗೆ ಬಂದು ಎರಡು ವರ್ಷದ ಸೊಸೆ. ಒಕ್ಕಲುತನದ್ದು ಯಾವುದೂ ಅವರಿಗೆ ತಿಳಿಯುತ್ತಿರಲಿಲ್ಲ. ಬಂದ ಹೊಸದರಲ್ಲಿ ಹಗೇವಿನ ಬಾಯಿ ನೋಡಿ, "ಈ ಬಾವಿ ನೀರು ಕುಡ್ಯಾಕ ಬರತೈತೇನ್ರಿ?" ಎಂದು ಕೇಳಿದ್ದರು. ನಮ್ಮ ಮನೆಯವರು ಅದನ್ನು ಊರೆಲ್ಲ ಹೇಳಿಕೊಂಡು ಬಂದರು. "ಸರಗ ಒಂದು ತಂಬಿಗಿ ಜ್ವಾಳ ಸೇದಿ ಕೊಡ್ರೆಪಾ, ನೀರಡಿಸ್ಯಾವಂತ!" ಮಾಸ್ತರರೂ ನಗುತ್ತಿದ್ದರು.

ಎರಡು ಮನೆಗೂ ನಡುವಿನ ಹಾದಿಯಲ್ಲಿ ಒಂದು ಗೂಟಕ್ಕೆ ಹಗೇವಿನ ಹಗ್ಗ ತೂಗುಹಾಕಿರುತ್ತಿತ್ತು. ಪುಂಡಿ ನಾರಿನದು, ಮೂರು ಮಾರು ಉದ್ದ. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುತ್ತಿರಲಿಲ್ಲ. ಹಗೇವಿನ ಬಾಯಿ ತೆಗೆದು ಒಂದು ಹಗಲು ಒಂದು ರಾತ್ರಿ ಬಿಟ್ಟ ಮೇಲೆ, ಮನೆಯ ಹೆಣ್ಣುಮಗಳು ಆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಜೋಳದ ಮೇಲೆ ಕುಂತರೆ ಹಗ್ಗ ಕೈಯಲ್ಲಿ ಸಡಿಲಾಗುತ್ತದೆ. ಆಮೇಲೆ ಹನ್ನೊಂದು ಸಲ ಶಿವಶಿವ ಅನ್ನಬೇಕು. ಅಷ್ಟಾದರೂ ದೀಪ ಉರಿಯುತ್ತಿದ್ದರೆ ಗಂಡಸರು ಇಳಿಯಬಹುದು; ಆರಿದರೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ತಳಕ್ಕೆ ಕುಂತಿರುತ್ತದೆ, ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ ಎಂದು ಅತ್ತೆಯವರು ನನಗೆ ಕಲಿಸಿದ್ದರು. ಒಂದು ಸಲ ಅಲ್ಲ, ಹತ್ತು ಸಲ.

ನಮ್ಮ ಹಗೇವಿನ ಜೋಳ ತೆಗೆಯಬೇಕಿದ್ದ ಆ ದಿನ ಬೆಳಿಗ್ಗೆ ನನಗೂ ನಮ್ಮ ಮನೆಯವರಿಗೂ ಸಣ್ಣ ಜಗಳವಾಗಿತ್ತು. ಸುರೇಬಾನಕ್ಕೆ, ನನ್ನ ತವರಿಗೆ, ಕರೆದುಕೊಂಡು ಹೋಗುತ್ತೇನೆ ಎಂದವರು ಮತ್ತೆ ಮುಂದೆ ಹಾಕಿದ್ದರು. ನಾನು ಮಾತು ಬಿಟ್ಟಿದ್ದೆ. ಬಿಸಿಲು ಏರುವ ಹೊತ್ತಿಗೆ ಕಂದೀಲು ಇಳಿಸಿದೆ. ಹಗ್ಗ ಮುಗಿಯಿತು, ಆದರೆ ಸಡಿಲಾಗಲಿಲ್ಲ. ಕಂದೀಲಿನ ಭಾರ ನನ್ನ ಕೈಯಲ್ಲೇ ಇತ್ತು. ನನಗೆ ಅದು ತಿಳಿಯಿತು. ಜೋಳ ತಳಕ್ಕೆ ಹೋಗಿರಬೇಕು, ಅದಕ್ಕೇ ಮುಟ್ಟಲಿಲ್ಲ ಎಂದುಕೊಂಡೆ. ಹನ್ನೊಂದು ಸಲ ಶಿವಶಿವ ಅಂದೆ.

"ಏನಂತೈತಿ ನಿನ್ನ ದೀಪ?" ಎಂದರು ಅವರು.

"ಉರೀತೈತ್ರಿ."

"ನಿನ್ನಂಗ ಮಕ ಊದಿಸ್ಕೊಂಡ ಉರೀತೈತೇನು?"

ಬುಟ್ಟಿ ಎಳೆಯಲು ನಿಂತಿದ್ದ ಇಬ್ಬರು ನಕ್ಕರು. ನಾನು ನಗಲಿಲ್ಲ. ಮಾತು ಬಿಟ್ಟಿದ್ದೆನಲ್ಲ... ಹಗ್ಗ ಸಡಿಲಾಗಿಲ್ಲ ಎಂಬ ಇನ್ನೊಂದು ಮಾತನ್ನೂ ಆಡಲಿಲ್ಲ. ಅವರು ಇಳಿದರು. ಮೊದಲ ಬುಟ್ಟಿ ತುಂಬಲು ಬಗ್ಗಿದವರು ಏಳಲಿಲ್ಲ.

ಬೇವಿನ ಟೊಂಗೆ ಬೀಸಿ ಗಾಳಿ ಆಡಿಸಿ, ಒಬ್ಬನ ಸೊಂಟಕ್ಕೆ ಮಿಣಿ ಕಟ್ಟಿ ಇಳಿಸಿ ಅವರನ್ನು ಮೇಲೆ ತಂದರು. ಉಸಿರು ಇರಲಿಲ್ಲ. ಆದರೆ ಓಣಿಯ ಹಿರಿಯರೊಬ್ಬರು ಕೈ ಹಿಡಿದು, "ನಾಡಿ ಹಾರಾಕ ಹತ್ತೈತಿ, ಟ್ರ್ಯಾಕ್ಟರ್ ತರ್ರೋ!" ಎಂದು ಕೂಗಿದರು. ರಾಮದುರ್ಗದ ದವಾಖಾನೆಯ ಹಾದಿಯಲ್ಲಿ ಆ ನಾಡಿಯೂ ನಿಂತಿತು. ನಾನು ಅಳಲಿಲ್ಲ ಎಂದು ಮಂದಿ ಆಡಿಕೊಂಡರು. ಅಳು ಬರಲಿಲ್ಲ, ಅಷ್ಟೇ.

ಕೆಲವು ವಾರದ ಮೇಲೆ ದವಾಖಾನೆಯಿಂದ ಸಾವಿನ ಕಾರಣ ಬರೆದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಮಾಸ್ತರರು ಪಡಸಾಲೆಯ ಕಂಬಕ್ಕೆ ಒರಗಿ ಓದಿದರು. ಒಂದು ಶಬ್ದದ ಹತ್ತಿರ ನಿಂತರು. "ಆಸ್ಫಿಕ್ಸಿಯಾ," ಎಂದರು. "ಉಸಿರು ಕಟ್ಟಿದ್ದು." ಮಡಿಚಿ ಕೊಟ್ಟು ಎದ್ದು ಹೋದರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ಶಬ್ದವನ್ನು ಅವರು ಬಿಡಲಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ, ಸಾಲಿ ಬಿಟ್ಟ ಮೇಲೆ, ದಪ್ಪ ಶಬ್ದಕೋಶವನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಏಳನೇ ಇಯತ್ತೆ ಓದಿದ ನನಗೆ ಅವರು ಅದನ್ನೆಲ್ಲ ಯಾಕೆ ಹೇಳುತ್ತಾರೆಂದು ತಿಳಿಯುತ್ತಿರಲಿಲ್ಲ. ಕೇಳುತ್ತಿದ್ದೆ.

ಅದು ಮೂಲತಃ ಗ್ರೀಕರ ಮಾತಂತೆ. ಉಸಿರಿನ ಸುದ್ದಿಯೇ ಅದರಲ್ಲಿ ಇಲ್ಲವಂತೆ. "ನಾಡಿ ಇಲ್ಲ ಅಂತ ಅರ್ಥ, ತಂಗಿ. ಬರೇ ನಾಡಿ ಇಲ್ಲ," ಎಂದು ತಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ತೋರಿಸಿದರು. ಇಂಗ್ಲಿಷಿನವರೂ ಮೊದಮೊದಲು ಹಾಗೇ ಬಳಸಿದರಂತೆ. ಆಮೇಲೆ ನೀರಿನಲ್ಲಿ ಮುಳುಗಿದವರು, ಗಣಿಯ ಗಾಳಿಗೆ ಬಿದ್ದವರು ಹೀಗೆ ನಾಡಿ ಸಿಗದೆ ಸತ್ತ ಹಾಗೆ ಮಲಗಿರುತ್ತಿದ್ದರಲ್ಲ, ಅವರ ಸ್ಥಿತಿಗೆ ಡಾಕ್ಟರರು ಆ ಶಬ್ದ ಹಚ್ಚಿದರು. ಹಚ್ಚುತ್ತ ಹಚ್ಚುತ್ತ ಶಬ್ದ ಮಣಿಕಟ್ಟಿನಿಂದ ಗಂಟಲಿಗೆ ಬಂತು. ನಾಡಿ ಹೋಗಿ ಉಸಿರಾಯಿತು.

ಮತ್ತೊಂದು ದಿನ ಬಂದು ಹೇಳಿದ್ದು ಇನ್ನೊಂದು. ಉಸಿರು ಕಟ್ಟಿದವನ ನಾಡಿ ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಹಾರುತ್ತಲೇ ಇರುತ್ತದೆ. ಹಾಗಾದರೆ ಈ ಶಬ್ದವೇ ತಪ್ಪು ಎಂದು ಮುಂದಿನ ಡಾಕ್ಟರರು ಬರೆದರಂತೆ. "ತಪ್ಪು ಅಂತ ಎಲ್ಲಾರಿಗೂ ಗೊತ್ತಿತ್ತು. ಆದ್ರೂ ತಿದ್ದಾಕ ಆಗಲಿಲ್ಲ. ಬಾಯಾಗ ಕುಂತ ಬಿಟ್ಟಿತ್ತು."

ಆ ಕಾಲದಲ್ಲಿ ಅದು ಸಾವಿನ ಹೆಸರೂ ಆಗಿರಲಿಲ್ಲ ಎಂದು ಒಮ್ಮೆ ಅಂದರು. ಸತ್ತ ಹಾಗೆ ಕಾಣುವವನ ಹೆಸರು. ಅಂಥವನ ಬಾಯಿಗೆ ಗಾಳಿ ಊದಿ, ಮೈ ಬೆಚ್ಚಗೆ ಮಾಡಿ, ತಿರುಗಿ ಎಬ್ಬಿಸಬಹುದು ಎಂದು ಪುಸ್ತಕ ಬರೆದಿದ್ದರಂತೆ.

"ಹಂಗಾರ ಇವರನ್ನೂ ಎಬ್ಬಿಸಬಹುದಿತ್ತೇನ್ರಿ ಸರ?" ಎಂದೆ.

ಮಾಸ್ತರರು ಪುಸ್ತಕ ಮುಚ್ಚಿದರು. ಎರಡು ತಿಂಗಳು ಬರಲಿಲ್ಲ.

ಆಮೇಲೆ ಬಂದಾಗ ಬಗಲಲ್ಲಿ ಶಬ್ದಕೋಶ ಇರಲಿಲ್ಲ, ಹತ್ತನೇ ಇಯತ್ತೆಯ ಪುಸ್ತಕಗಳಿದ್ದವು. "ಮನ್ಯಾಗ ಕುಂತೇ ಪರೀಕ್ಷಾ ಬರೀಬಹುದು ತಂಗಿ. ನಾ ಹೇಳಿಕೊಡ್ತೇನಿ." ಅತ್ತೆಯವರು ಮೊದಲು ಒಪ್ಪಲಿಲ್ಲ. ಮಾಸ್ತರರು ಬಿಡಲಿಲ್ಲ, ಅಂಗಳದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ತಮ್ಮ ಹೆಂಡತಿಯನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದರು. ನಾನು ಮೂರನೇ ಸಲಕ್ಕೆ ಪಾಸಾದೆ. ಅಂಗನವಾಡಿಯ ಅರ್ಜಿ ಬರೆದವರೂ ಅವರೇ. ಇಂದು ನಾನು ಉಣ್ಣುವ ಅನ್ನದಲ್ಲಿ ಅವರ ಪಾಲಿದೆ. ಅಷ್ಟೊಂದು ಯಾಕೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ದೊಡ್ಡ ಮನಸ್ಸು ಎಂದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಅವರು ಬೈಲಹೊಂಗಲಕ್ಕೆ ಹಿಂತಿರುಗಲಿಲ್ಲ. ನಮ್ಮ ಓಣಿಯ ಕೊನೆಗೇ ಸಣ್ಣ ಮನೆ ಕಟ್ಟಿಕೊಂಡರು. ಒಂದು ಮಧ್ಯಾಹ್ನ ಬಂದು ಕುಂತರು. ನಾನು ಚಹ ಕೊಟ್ಟೆ. ಬಟ್ಟಲು ಮುಟ್ಟಲಿಲ್ಲ.

"ಆ ಹಗ್ಗ ನಾ ಕೊಯ್ದಿದ್ದೆ ತಂಗಿ," ಎಂದರು.

ಅವರಿಗೆ ಅದು ಏನೆಂದು ಗೊತ್ತಿರಲಿಲ್ಲ. ಹಗೇವು ತೆಗೆಯುವುದಕ್ಕೂ ಮೊದಲಿನ ರಜೆಗೆ ಬೈಲಹೊಂಗಲಕ್ಕೆ ಹೊರಟಿದ್ದರು. ಟ್ರಂಕಿನ ಬಾಯಿ ಕೂಡುತ್ತಿರಲಿಲ್ಲ, ಬಸ್ಸಿನ ಮೇಲೆ ಹಾಕಬೇಕಿತ್ತು. ಗೂಟದಲ್ಲಿದ್ದ ಹಗ್ಗದಲ್ಲಿ ಒಂದು ಮಾರು ಕೊಯ್ದುಕೊಂಡು ಉಳಿದದ್ದನ್ನು ಸುತ್ತಿ ಅಲ್ಲೇ ತೂಗುಹಾಕಿದ್ದರು. ದೀಪ ಇಳಿಸಿದ ದಿನ ಅವರು ಸಾಲಿಯಲ್ಲಿದ್ದರು. ಆ ಹಗ್ಗದ ಅಳತೆ ಏನಕ್ಕೆ ಎಂದು ತಿಳಿದದ್ದು ಮಣ್ಣು ಕೊಟ್ಟು ಬಂದ ಮಂದಿ ಮಾತಾಡುವಾಗ.

"ಆ ಶಬ್ದದಾಗ ಏನರ ಸಿಗತೈತೇನಂತ ನೋಡಿದೆ. ನಾಡಿ ನಿಂತು ಹ್ವಾದ್ರು, ಉಸಿರ ಕಟ್ಟಿ ಅಲ್ಲ, ಅಂತ ಎಲ್ಲಿಯರ ಬರದಿರತೈತೇನಂತ..."

ಆಗ ನಾನು ಹೇಳಬೇಕಿತ್ತು. ಹಗ್ಗ ಗಿಡ್ಡಾಗಿತ್ತು ನಿಜ ಸರ, ಆದರೆ ಸಡಿಲಾಗಲಿಲ್ಲ ಎಂದು ನನ್ನ ಕೈಗೆ ಗೊತ್ತಾಗಿತ್ತು. ನೀವು ತಿಳಿಯದೆ ಕೊಯ್ದಿರಿ. ನಾನು ತಿಳಿದೂ ಸುಮ್ಮನಿದ್ದೆ. ಎರಡೇ ಮಾತು. ನನ್ನ ಒಳಗೆ ಏನೂ ಅಲುಗಲಿಲ್ಲ. ಸಿಟ್ಟೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಯಾರೋ ಬಂದು ನನ್ನ ಗಂಟನ್ನು ತಾವೇ ಹೊತ್ತುಕೊಂಡ ಹಾಗಾಯಿತು, ನಾನು ತಡೆಯಲಿಲ್ಲ.

"ಚಾ ಆರತೈತ್ರಿ ಸರ," ಎಂದೆ.

ಅವರು ಕುಡಿದು ಹೋದರು. ಆಮೇಲೆ ಎದುರಾದಾಗಲೆಲ್ಲ ಮೊದಲಿನಂತೆಯೇ ಮಾತಾಡಿಸುತ್ತಿದ್ದರು, ಆದರೆ ನನ್ನ ಕಣ್ಣು ನೋಡುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ತೀರಿಕೊಂಡರು.

ಹಗೇವಿನ ವಾಸನೆ ಬಂದ ಮರುದಿನ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಕಂಪೌಂಡಿನ ಗೋಡೆಯ ಮೇಲೆ ಹರವಿದ ಸೀರೆ ತೆಗೆಯುತ್ತಿದ್ದರು.

"ಬಾರವಾ, ಹಾದಿ ಮರತಿ ಅಂತ ಮಾಡಿದ್ದೆ. ನೋಡಿಲ್ಲೆ, ಈ ಗ್ವಾಡಿ ಮ್ಯಾಲ ಒಣಗಿಸಿ ಒಣಗಿಸಿ ಇದ್ದ ಸೀರೆಲ್ಲಾ ಹರದ್ವು. ನಿಮ್ಮ ಸರ ಮನ್ಯಾಗ ಒಂದ ಗೇಣ ಹಗ್ಗ ಇಡಗೊಡಲಿಲ್ಲ. ಯಾಕ್ರಿ ಅಂದ್ರ ಚಪ್ಪಲಿ ಮೆಟ್ಟಿ ಹೊರಗ ಹೋಗ್ತಿದ್ರು. ಹುಚ್ಚ ಅಂದ್ಕೊಂಡು ಸುಮ್ಮಾದೆ."

ಅವರಿಗೂ ಹೇಳಿರಲಿಲ್ಲ. ನಾನು ಅಲ್ಲೇ ನಿಂತು ಹೇಳಿದೆ. ಮಾಸ್ತರರು ಕೊಯ್ದದ್ದು, ನನ್ನ ಕೈಯಲ್ಲಿ ಭಾರ ಉಳಿದದ್ದು, ಎರಡೂ.

ವೈನಿ ಸೀರೆಯ ಅಂಚು ಹುಡುಕಿ ಹಿಡಿದರು.

"ಅವ್ರು ಹೇಳಿದಾಗ ನೀ ಏನಂದಿ?"

"ಚಾ ಆರತೈತಿ ಅಂದೆ, ವೈನಿ."

"ಅಷ್ಟ?"

"ಅಷ್ಟ."

ಅವರು ಬೈಯಲಿಲ್ಲ. ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದು ತಾವು ಹಿಡಿದರು. ಇಬ್ಬರೂ ಮಡಿಚಿದೆವು.

ಸರ ಇನ್ನೂ ಇದ್ದಿದ್ದರೆ ಹೇಳುತ್ತಿದ್ದೆ ಎಂದು ಬರೆಯಹೊರಟಿದ್ದೆ. ಅದು ಸುಳ್ಳು. ಅವರು ಅದನ್ನು ಹೇಳಿದ ಮೇಲೆ ಹನ್ನೆರಡು ವರ್ಷ ಬದುಕಿದ್ದರು, ನಾಲ್ಕು ಮನೆ ಆಚೆಗೆ, ದಿನಾ ಬೆಳಿಗ್ಗೆ ನಮ್ಮ ಬಾಗಿಲು ದಾಟಿಕೊಂಡು ಹಾಲಿಗೆ ಹೋಗುತ್ತಿದ್ದರು.