ಮುಖಪುಟದ ಎಡಗೈ

ನಾನು ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದೆ. ಎಡಗೈಯವರೂ ಈ ಭೂಮಿಯ ಮೇಲೆ ಬದುಕಿದ್ದಾರೆ ಎಂಬುದು ಕ್ಯಾಮೆರಾ ಮಾಡುವವರಿಗೆ ಹೊಳೆದೇ ಇರಲಿಲ್ಲ. ಒತ್ತುವ ಗುಂಡಿಯನ್ನು ಬಲಗಡೆಗೇ ಇಟ್ಟಿದ್ದರು. ತಿರುವಿ ಹಿಡಿದರೆ ಅದು ಎಡಗೈ ಬೆರಳಿಗೆ ಸರಿಯಾಗಿ ಸಿಗುತ್ತದೆ. ಚಿತ್ರಕ್ಕೇನೂ ಆಗುವುದಿಲ್ಲ, ಆಮೇಲೆ ನೆಟ್ಟಗೆ ಮಾಡಿಕೊಂಡು ನೋಡಿದರಾಯಿತು. ಇದನ್ನು ಕಂಡುಕೊಂಡ ದಿನ ವಿಶಾಖಪಟ್ಟಣದ ಸಮುದ್ರದ ದಂಡೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಿದ್ದೆ. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದವನು ತನ್ನ ಬುಟ್ಟಿಯನ್ನು ತುಸು ದೂರ ಸರಿಸಿಕೊಂಡ.

ಎಂಬತ್ತರ ದಶಕದ ನಡುವಿನ ಮಾತು ಇದು. ಬ್ಯಾಂಕಿನವರು ಗದಗಿನಿಂದ ಎತ್ತಿ ನನ್ನನ್ನು ಅಲ್ಲಿಗೆ ಹಾಕಿದ್ದರು. ಅಲ್ಲಿಯವರೆಗೆ ನಾನು ಸಮುದ್ರ ನೋಡಿದ್ದು ಕ್ಷೌರದಂಗಡಿಯ ಗೋಡೆಯ ಮೇಲೆ ಮಾತ್ರ. ಬಂದರಿನ ಹತ್ತಿರದ ಅಂಗಡಿಯೊಂದರಲ್ಲಿ ಹಡಗಿನವರು ಮಾರಿಹೋಗಿದ್ದ ಹಳೆಯ ಕ್ಯಾಮೆರಾ ಸಿಕ್ಕಿತು. ಮೊದಲು ತೆಗೆದದ್ದು ಮರಳಿನ ಮೇಲೆ ಹಬ್ಬಿದ ನೇರಳೆ ಬಣ್ಣದ ಬಳ್ಳಿಹೂ. ಆಮೇಲೆ ಸಿಂಹಾಚಲದ ಸಂಪಿಗೆ. ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ! ಫಿಲ್ಮನ್ನು ಅಂಚೆಯಲ್ಲಿ ಮದ್ರಾಸಿಗೆ ಕಳಿಸಿ ಹದಿನೈದು ದಿನ ಕಾಯಬೇಕಿತ್ತು. ಸ್ಲೈಡುಗಳ ಪುಟ್ಟ ಡಬ್ಬಿ ಬಂದ ದಿನ ನನಗೆ ಹಬ್ಬ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುವಾಗ ಒಲೆಯ ಮೇಲಿನ ಹಾಲು ಎಷ್ಟು ಸಲ ಉಕ್ಕಿತೋ! ಫಿಲ್ಮಿನ ಅಂಚಿನ ಅಂಕಿಗಳೆಲ್ಲ ತಲೆಕೆಳಗಾಗಿರುವುದನ್ನು ಕಂಡ ಲ್ಯಾಬಿನವನು, ಮೇಡಂ ಶೀರ್ಷಾಸನ ಹಾಕಿ ಫೋಟೋ ತೆಗೆಯುತ್ತಾರೆಯೇ ಎಂದು ಒಂದು ಸಲ ಚೀಟಿ ಬರೆದು ಡಬ್ಬಿಯೊಳಗೆ ಇಟ್ಟಿದ್ದ. ಹೌದು ಎಂದು ಉತ್ತರ ಬರೆದೆ.

ಮನೆಯಲ್ಲಿ ಈ ಎಡಗೈಯ ಬಗ್ಗೆ ಯಾರೂ ನಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವ್ವ ನನ್ನ ಎಡಗೈಯನ್ನು ಜಡೆಗೆ ಕಟ್ಟುವ ಕೆಂಪು ರಿಬ್ಬನ್ನಿನಿಂದ ಲಂಗದ ನಡುಪಟ್ಟಿಗೆ ಕಟ್ಟಿಬಿಡುತ್ತಿದ್ದಳು. ಉಣ್ಣುವಾಗ, ಬರೆಯುವಾಗ, ದೇವರಿಗೆ ಹೂ ಹಾಕುವಾಗ. ಹೊಡೆದವಳಲ್ಲ, ಬೈದವಳೂ ಅಲ್ಲ. ಕಟ್ಟಿ, ತಲೆ ಸವರಿ, "ನಾಳೆ ಕೊಟ್ಟ ಮನ್ಯಾಗ ಮಂದಿ ನಗಬಾರ್ದವಾ" ಎನ್ನುತ್ತಿದ್ದಳು. ಹೀಗೆ ಬಲಗೈಯಲ್ಲಿ ಬರೆಯುವುದನ್ನು ಕಲಿತೆ. ಅಕ್ಷರ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಕೊಟ್ಟ ಮನೆ ಎಂಬುದೊಂದು ಕೊನೆಗೂ ಬರಲಿಲ್ಲ, ನಾನು ಮದುವೆಯಾಗಲಿಲ್ಲ. ಆದರೂ ಅವ್ವನ ಎದುರಿಗೆ ಎಡಗೈಯಲ್ಲಿ ಒಂದು ಲೋಟ ಎತ್ತುವಾಗ ಮೂವತ್ತೈದು ವರ್ಷದ ಆಫೀಸರಮ್ಮನ ಎದೆ ಡವಡವ ಎನ್ನುತ್ತಿತ್ತು.

ತೊಂಬತ್ತರ ಆಸುಪಾಸಿನಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನನ್ನ ಜೊತೆಗೆ ಬಂದಳು. ಒಂದಕ್ಷರ ತೆಲುಗು ಬಾರದು, ಆದರೆ ವಾರದೊಳಗೆ ಓಣಿಯವರಿಗೆಲ್ಲ ಬೇಕಾದವಳಾದಳು. ಅಲ್ಲಿ ವರ್ಗವಾಗಿ ಬಂದ ಕನ್ನಡದ ಬ್ಯಾಂಕಿನವರ ನಾಲ್ಕಾರು ಮನೆಗಳಿದ್ದವು. ಅವರ ಮಕ್ಕಳಿಗೆ ಹೂಗಳ ಹೆಸರು ತೆಲುಗಿನಲ್ಲೇ ಬರುತ್ತಿತ್ತು. ಒಂದು ಮಗು ದಾಸವಾಳವನ್ನು ತೋರಿಸಿ ಮಂದಾರಂ ಎಂದಾಗ ಅದರ ತಾಯಿ ಬೇಸರದ ಮುಖ ಮಾಡಿದಳು. ನನಗೋ ಮೈಯೆಲ್ಲ ಝುಮ್ಮೆಂದಿತು. ಪುಸ್ತಕ! ನನ್ನ ಹೂಗಳು, ಕೆಳಗೆ ಕನ್ನಡದ ಹೆಸರು. ಪ್ರಕಾಶಕರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವವರು ಯಾರು? ನಾನಿರುವುದೇ ಮನೆಗೊಂದು ಪ್ರೆಸ್ಸಿರುವ ಊರಿನಲ್ಲಿ. ನಾನೇ ಮಾಡಿಸುತ್ತೇನೆ ಎಂದು ಅವತ್ತೇ ನಿರ್ಧರಿಸಿಬಿಟ್ಟೆ. ನವೆಂಬರಿನಲ್ಲಿ ಕನ್ನಡದ ಮನೆಗಳವರೆಲ್ಲ ಸೇರಿ ರಾಜ್ಯೋತ್ಸವ ಮಾಡುವಾಗ ಅದು ಎಲ್ಲರ ಕೈಯಲ್ಲಿರಬೇಕು ಎಂದೂ ಹೇಳಿಕೊಂಡು ತಿರುಗಿದೆ.

ನನಗೆ ಸಿಕ್ಕ ಪ್ರೆಸ್ಸಿನವರು ದೇವರ ಕ್ಯಾಲೆಂಡರು ಹೊಡೆಯುವವರು. ಮಾಲೀಕರು ದಪ್ಪ ಕನ್ನಡಕದ, ಮೆದು ಮಾತಿನ ಮನುಷ್ಯ. ನನ್ನ ಸ್ಲೈಡುಗಳನ್ನು ನೋಡಿ, "ಪೂಲು ಬಾಗುನ್ನಾಯಿ ಮೇಡಂ, ಕಾನೀ ದೇವುಡು ಎಕ್ಕಡ?" ಎಂದರು. ಹೂಗಳೇನೋ ಚೆನ್ನಾಗಿವೆ, ದೇವರೆಲ್ಲಿ ಎಂದು! ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಪಕ್ಕದಲ್ಲಿ ತೆಗೆದ ಎಕ್ಕೆ ಹೂವಿನ ಮೇಲೆ ಬೂದಿ ಕೂತಿತ್ತು. ಅದನ್ನು ಕುಂಚದಲ್ಲಿ ಒರೆಸಿ ಫಳಫಳ ಮಾಡಿಕೊಡುತ್ತೇನೆಂದು ಹೊರಟರು. ಮೂಗಿನ ತುದಿಯಲ್ಲೇ ಸಿಟ್ಟಿರುವವಳು ನಾನು. ಬೂದಿಯೂ ಆ ಹೂವಿನದೇ, ಕೈ ಹಚ್ಚಿದರೆ ಕೆಲಸ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಎಂದೆ. ಮಾಲೀಕರು ಎರಡೂ ಕೈ ಮೇಲೆತ್ತಿ ಶರಣಾದರು.

ಅವರಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ. ಕೈಯಲ್ಲೇ ಬರೆದುಕೊಡಿ, ಚಿತ್ರದ ಹಾಗೆ ಫಿಲ್ಮು ಮಾಡಿ ಹಾಕುತ್ತೇವೆ ಎಂದರು. ಅವತ್ತು ಬ್ಯಾಂಕು ಮುಗಿದ ಮೇಲೆ ಸ್ಟೇಷನರಿ ಕೋಣೆಯ ಬಾಗಿಲು ಹಾಕಿಕೊಂಡು, ಪೆನ್ನನ್ನು ಎಡಗೈಗೆ ತೆಗೆದುಕೊಂಡೆ. ಮೂವತ್ತು ವರ್ಷ ಬಚ್ಚಿಟ್ಟಿದ್ದ ಕೈ! ದಾಸವಾಳ ಎಂದು ಬರೆದೆ. ಕನಕಾಂಬರ ಎಂದು ಬರೆದೆ. ದುಂಡಗೆ, ಸಾಲು ತಪ್ಪದೆ, ಯಾರೋ ಬೇರೆಯವರು ಬರೆದ ಹಾಗೆ ಬಂತು. ನನಗೆ ಕಣ್ಣು ಮಂಜಾಯಿತು, ನಗುವೂ ಬಂತು. ಮನೆಯಲ್ಲಿ ಅವ್ವ ಆ ಹಾಳೆಗಳನ್ನು ನೋಡಿ, "ಯಾರ ಕೈಲಿ ಬರೆಸೀ? ಮುತ್ತು ಪೋಣಿಸಿಧಂಗ ಅದಾವು" ಎಂದಳು. ಆಫೀಸಿನಲ್ಲಿ ಒಬ್ಬರು ಬರೆದುಕೊಟ್ಟರು ಎಂದು ಸುಳ್ಳು ಹೇಳಿದೆ.

ಇನ್ನು ಮುಖಪುಟ. ಇಂದ್ರಕೀಲಾದ್ರಿಯ ಕೆಳಗೆ, ಅಮ್ಮನವರ ಗುಡಿಗೆ ಹತ್ತುವ ದಾರಿಯ ಬದಿಯಲ್ಲಿ ಅವ್ವ ದಿನಾ ಹೂ ಕೊಳ್ಳುತ್ತಿದ್ದ ಹೆಂಗಸೊಬ್ಬಳಿದ್ದಳು. ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಹೂ ಕಟ್ಟುತ್ತಿದ್ದಳು. ಎಂಥ ಬಿರುಸು! ನಾರು ಸುತ್ತಿದ್ದು, ಬಿಗಿದದ್ದು ಕಣ್ಣಿಗೆ ಕಾಣುವುದೇ ಇಲ್ಲ, ಮಾಲೆ ಮಾತ್ರ ಉದ್ದವಾಗುತ್ತ ಹೋಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ತಗುಲಿದ ಹಳೆಯ ಗಾಯದ ಗೆರೆಯಿತ್ತು. ಗಿರಾಕಿಗೆ ಕೊಡುವಾಗ ಮಾತ್ರ ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಹೂವನ್ನು ಆ ಕೈಗೆ ದಾಟಿಸಿ ಕೊಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನನ್ನ ಎಡ ಮಣಿಕಟ್ಟಿನಲ್ಲಿ ರಿಬ್ಬನ್ನು ಬಿಗಿದಂತಾಗುತ್ತಿತ್ತು. ಕನಕಾಂಬರದ ಅರ್ಧ ಮಾಲೆ ಹಿಡಿದ ಅವಳ ಎಡಗೈಯ ಚಿತ್ರ ತೆಗೆದೆ. ಇದನ್ನೇ ಪುಸ್ತಕದ ಮೇಲೆ ಹಾಕುತ್ತೇನೆ ಎಂದಾಗ ಅವಳು ಅಕ್ಕಪಕ್ಕದ ಹೂವಿನವರಿಗೆಲ್ಲ ಕೂಗಿ ಹೇಳಿದಳು. ಪುಸ್ತಕದಲ್ಲಿ ಬೇರೇನು ಹೆಚ್ಚುಕಡಿಮೆಯಾದರೂ ಆಗಲಿ, ಮೇಲೆ ಈ ಕೈ ಇರಬೇಕು ಎಂದು ನಾನು ಹಟ ಹಿಡಿದಿದ್ದೆ.

ದಸರೆಗೆ ಹದಿನೈದು ದಿನವಿರುವಾಗ ಪ್ರೆಸ್ಸಿನಿಂದ ಬ್ಯಾಂಕಿಗೆ ಫೋನು ಬಂತು. ಮುಖಪುಟದ ಫಿಲ್ಮು ಸಿದ್ಧವಾಗಿದೆ, ಅದನ್ನು ಅಚ್ಚಿನ ತಗಡಿಗೆ ಇಳಿಸುವ ಮುಂಚೆ ನೋಡಿ ಹೂಂ ಎನ್ನಬೇಕು, ಮಧ್ಯಾಹ್ನದೊಳಗೆ. ನಮ್ಮಲ್ಲೋ ತನಿಖೆಗೆ ಮೇಲಿನವರು ಬಂದು ಕೂತಿದ್ದರು, ಕುರ್ಚಿ ಬಿಟ್ಟೇಳುವಂತಿರಲಿಲ್ಲ. ಪಕ್ಕದ ಮನೆಗೆ ಫೋನು ಮಾಡಿ ಅವ್ವನನ್ನು ಕರೆಸಿದೆ. "ಸುಮ್ಮನ ಹೋಗಿ ನೋಡಿ ಹೂಂ ಅಂದು ಬಾರವಾ" ಎಂದೆ. ಹೋದಳು.

ಸಂಜೆ ನಾನು ಹಾರಿಕೊಂಡೇ ಪ್ರೆಸ್ಸಿಗೆ ಹೋದೆ. ಮುಖಪುಟಗಳು ಅಷ್ಟೂ ಅಚ್ಚಾಗಿ ಮೇಜಿನ ಮೇಲೆ ಒಣಗುತ್ತಿದ್ದವು. ಎಂಥ ಕೆಂಪು, ಎಂಥ ಹಸಿರು! ಒಂದನ್ನು ಎತ್ತಿಕೊಂಡೆ. ಕೈಯಿತ್ತು, ಮಾಲೆಯಿತ್ತು, ನನ್ನ ಅಕ್ಷರವಿತ್ತು. ಆದರೆ ಅದು ಬಲಗೈ.

ನಡೆದದ್ದು ಇಷ್ಟು. ಬೆಳಕಿನ ಗಾಜಿನ ಮೇಜಿನ ಮೇಲೆ ಕೆಲಸಗಾರ ಫಿಲ್ಮಿಟ್ಟು ತೋರಿಸಿದ್ದಾನೆ. ಅವ್ವ ತಲೆಯಾಡಿಸಿ ಬೇಡ ಎಂದಿದ್ದಾಳೆ. ಅವನು ಏನಾಯಿತೆಂದು ಅದನ್ನು ಕೈಗೆತ್ತಿಕೊಂಡಾಗ ಹಿಂಬದಿಯಿಂದ ಅದೇ ಕೈ ಬಲಗೈಯಾಗಿ ಕಂಡಿದೆ. ಅವ್ವ ತನ್ನ ಬಲಗೈ ಎತ್ತಿ, ಕಣ್ಣಿಗೊತ್ತಿಕೊಂಡು, ಹೀಗಿರಲಿ ಎಂದು ಸನ್ನೆ ಮಾಡಿದ್ದಾಳೆ. ದೇವಿಗೆ ಏರಿಸುವ ಹೂ ಎಡಗೈಯಲ್ಲಿರುವುದು ಅವನಿಗೂ ಬೆಳಗಿನಿಂದ ಮನಸ್ಸಿಗೆ ಕಿರಿಕಿರಿಯಾಗಿತ್ತಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ನಗುನಗುತ್ತ ಒಪ್ಪಿ, ಅಕ್ಷರದ ಫಿಲ್ಮೊಂದನ್ನು ಬಿಟ್ಟು ಚಿತ್ರದ ಫಿಲ್ಮುಗಳನ್ನು ಮಗುಚಿ ಹಾಕಿದ್ದಾರೆ.

ಮನೆಗೆ ಹೋದವಳೇ ಕೂಗಾಡಿದೆ. "ಹೂವಿನ ಪುಸ್ತಕದ ಮ್ಯಾಲೆ ಎಡಗೈ ಹಾಕಿದ್ರ ಮಂದಿ ಏನಂದಾರು? ನಿನ್ನ ಮಾನ ಉಳಿಸೇನಿ ನಾ" ಎಂದಳು ಅವ್ವ, ಸ್ವಲ್ಪ ಹೆಮ್ಮೆಯಿಂದಲೇ. ಆಗ ನನ್ನ ಬಾಯಿಂದ ಬಂದುಬಿಟ್ಟಿತು: "ನೀ ಮುತ್ತು ಅಂದೆಲ್ಲ, ಆ ಅಕ್ಷರಾನೂ ಎಡಗೈದವೇ. ನಾನೇ ಬರದೇನಿ!" ಅವ್ವ ಎದ್ದು ಹೋಗಿ ಅಕ್ಷರದ ಹಾಳೆಗಳನ್ನು ತಂದು, ಕಿಟಕಿಯ ಹತ್ತಿರ ಕೂತು ಒಂದೊಂದೇ ತಿರುವಿದಳು. ನಾನು ಉಣ್ಣದೆ ಎದ್ದೆ.

ಮರುದಿನ ಬೆಳಿಗ್ಗೆ ಹೂ ತರಲು ಇಬ್ಬರೂ ಹೊರಟೆವು, ನಾನು ಎರಡು ಹೆಜ್ಜೆ ಮುಂದೆ. ಅಚ್ಚಾದ ಕೂಡಲೇ ತೋರಿಸುತ್ತೇನೆ ಎಂದು ಹೂವಿನವಳಿಗೆ ಕೊಟ್ಟಿದ್ದ ಮಾತಿಗೆ ಒಂದು ಮುಖಪುಟವನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಹೂವಿನವಳು ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು, ಪಕ್ಕದವರನ್ನೆಲ್ಲ ಕರೆದಳು. ಆಮೇಲೆ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ತನ್ನ ಎಡಗೈಯನ್ನು ಚಿತ್ರದ ಪಕ್ಕದಲ್ಲಿಟ್ಟು ಹೆಬ್ಬೆರಳಿನ ಗಾಯ ನೋಡಿದಳು. ಬಲಗೈಯಿಟ್ಟು ನೋಡಿದಳು, ಅಲ್ಲಿ ಗಾಯವಿಲ್ಲ. "ಇದಿ ನಾ ಚೆಯ್ಯಿ ಕಾದಮ್ಮಾ" ಎಂದಳು, ಇದು ನನ್ನ ಕೈಯಲ್ಲ ಎಂದು. ಸಿಟ್ಟಿಲ್ಲ. ಇಂಥದ್ದು ತನಗೆಲ್ಲಿ ಸಿಗಬೇಕು ಎಂಬಂತೆ ಚಿತ್ರವನ್ನು ಮೆಲ್ಲಗೆ ನನಗೆ ವಾಪಸ್ ಕೊಟ್ಟಳು, ಬಲಗೈಯಲ್ಲಿ.

ಅವ್ವನಿಗೆ ತೆಲುಗು ಬಾರದು, ಆದರೆ ಆ ಎರಡು ಕೈಗಳನ್ನು ಅವಳು ನೋಡಿದ್ದಳು. "ರಿಕ್ಷಾ ಕರಿ" ಎಂದಳು. "ಪ್ರೆಸ್ಸಿಗೆ."

ಮಾಲೀಕರು ಕೈಚೆಲ್ಲಿದರು. ಇವತ್ತಿನಿಂದ ಕ್ಯಾಲೆಂಡರಿನ ಕೆಲಸ, ಮಿಷನ್ನಿಗೆ ಪುರುಸೊತ್ತಿಲ್ಲ. ಇರುವುದೊಂದೇ ದಿನ, ಆಯುಧಪೂಜೆ. ಅವತ್ತು ಮಿಷನ್ನು ತೊಳೆದು ಪೂಜೆ ಮಾಡಿ, ಶುಭಕ್ಕೆಂದು ಒಂದು ಕೆಲಸ ಓಡಿಸುವುದು ರೂಢಿ. ಆದರೆ ಪೂಜೆಯ ಮೊದಲ ಹಾಳೆಯಲ್ಲಿ ಎಡಗೈಯೇ? ಮೇಡಂ, ನನ್ನನ್ನು ಬಿಡಿ ಎಂದರು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಹೇಳುತ್ತಲೇ, ಇದು ಇವಳದೇ ಮಾತಲ್ಲವೇ, ಮುಗಿಯಿತು ಎಂದುಕೊಂಡೆ.

ಅವ್ವ ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಳು. ಎಂಟು ಕೈಯ ದುರ್ಗೆ, ಸಿಂಹದ ಮೇಲೆ. ದೇವಿಯ ಒಂದು ಕಡೆಯ ಕೈಗಳನ್ನು ಬೆರಳಿಟ್ಟು ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. "ಇವು ಯಾವ ಕೈ ಅಂತ ಕೇಳು ಅವರ್ನ. ಬಿಲ್ಲು ಈ ಕೈಯಾಗ, ಶಂಖ ಈ ಕೈಯಾಗ, ಕಮಲದ ಹೂವೂ ಈ ಕೈಯಾಗ. ಇಷ್ಟು ವರ್ಷ ಇವರೇ ಅಚ್ಚು ಹಾಕ್ಯಾರಲ್ಲ, ಎಂದಾದರೂ ಮಗುಚಿ ಹಾಕ್ಯಾರೇನು?"

ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಮಾಲೀಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ತಮ್ಮದೇ ಕ್ಯಾಲೆಂಡರನ್ನು ಮೊದಲ ಸಲ ನೋಡುವವರಂತೆ ನೋಡಿದರು. ಫಿಲ್ಮು ಮಗುಚಿದ ಕೆಲಸಗಾರ ಮಷಿ ಹತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಕೊನೆಗೆ ಮಾಲೀಕರೂ ನಕ್ಕರು. "ಸರೇ ಅಮ್ಮಾ" ಎಂದು ಅವ್ವನಿಗೆ ಕೈ ಮುಗಿದರು.

ಆಯುಧಪೂಜೆಯ ಬೆಳಿಗ್ಗೆ ಚೆಂಡುಹೂವಿನ ಹಾರ ಹಾಕಿದ್ದ ಆ ದೊಡ್ಡ ಮಿಷನ್ನು ಗಡಗಡ ಎಂದು ಶುರುವಾಯಿತು. ಮೊದಲ ಹಾಳೆ ಈಚೆ ಜಾರಿ ಬಿತ್ತು. ಗಾಯದ ಗೆರೆಯಿದ್ದ ಎಡಗೈ, ಕನಕಾಂಬರ, ಕೆಳಗೆ ನನ್ನ ಎಡಗೈಯ ಅಕ್ಷರ. ನಾನು ಬ್ಯಾಂಕಿನ ಆಫೀಸರು ಎಂಬುದನ್ನು ಮರೆತು ಚಪ್ಪಾಳೆ ತಟ್ಟಿಕೊಂಡು ಕುಣಿದೆ. ಎಲ್ಲರಿಗೂ ಪ್ರಸಾದದ ಪುಳಿಹೋರ ಸಿಕ್ಕಿತು.

ತಪ್ಪಾದ ಮುಖಪುಟಗಳ ಕಟ್ಟನ್ನು ಹೂವಿನವಳು ಪೊಟ್ಟಣ ಕಟ್ಟಲು ಇಸಿದುಕೊಂಡಳು. ನವೆಂಬರಿನಲ್ಲಿ ಪುಸ್ತಕ ಕೈಗೆ ಬಂದ ಮರುದಿನ ಅವ್ವನೇ ಒಂದು ಪ್ರತಿಯನ್ನು ಸೆರಗಿನಲ್ಲಿಟ್ಟುಕೊಂಡು ನನ್ನ ಜೊತೆ ಬಂದು ಅವಳಿಗೆ ಕೊಟ್ಟಳು. ಈ ಸಲ ಅವಳು ಕೈಯಿಟ್ಟು ಅಳೆಯಲಿಲ್ಲ. ನೋಡಿದವಳೇ ಪುಸ್ತಕವನ್ನು ಎದೆಗವಚಿಕೊಂಡು ದಾರಿಯ ಆ ತುದಿಯವರೆಗೆ ಓಡಿದಳು, ತೋರಿಸಲು. ಅಂಗಡಿ ನಾನು ಕಾದೆ.

ತಿರುಗಿ ಬಂದು ಮಲ್ಲಿಗೆಯನ್ನು ಪೊಟ್ಟಣ ಕಟ್ಟಿದಳು. ಎಂದಿನಂತೆ ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ಅವ್ವ ಅವಳನ್ನು ತಡೆದಳು. ಅವಳ ಎಡಗೈಯನ್ನೇ ಮುಟ್ಟಿ, ಕನ್ನಡದಲ್ಲೇ ಹೇಳಿದಳು: "ಇದರಾಗ ಕೊಡವಾ. ಕಟ್ಟಿದ ಕೈ ಇದಲ್ಲೇನು?"

ಅವಳು ನನ್ನ ಮುಖ ನೋಡಿದಳು. ನಾನು ಅನುವಾದಿಸಲು ಹೋದೆ. ಅಷ್ಟರಲ್ಲೇ ಅವಳಿಗೆ ತಿಳಿದಿತ್ತು. ಎಡಗೈಯಿಂದ ಕೊಟ್ಟಳು, ಅವ್ವ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮೆಟ್ಟಿಲು ಹತ್ತುವಾಗ ಆಸರೆಗೆಂದು ನನ್ನ ಕೈ ಹುಡುಕಿದಳು. ಬಲಗಡೆಗೆ ನಡೆಯುತ್ತಿದ್ದವಳು ಸುತ್ತಿ ಈಚೆಗೆ ಬಂದು ನನ್ನ ಎಡಗೈಯನ್ನು ಹಿಡಿದಳು, ರಿಬ್ಬನ್ನು ಕಟ್ಟುತ್ತಿದ್ದ ಅದೇ ಜಾಗದಲ್ಲಿ, ಗುಡಿಯವರೆಗೂ ಬಿಡಲಿಲ್ಲ.